ಬಾಣದ ಗುರುತು

ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿದ್ದ 'ಅತ್ತೆ' ಎಂಬ ಫೋಲ್ಡರನ್ನು ಸೊಸೆ ಮೂರನೆಯ ಸಲ ಒತ್ತಿದಳು. ಈ ಸಲವೂ ತೆರೆಯಲಿಲ್ಲ. ಹಿಂದಿನ ಕುರ್ಚಿಯಲ್ಲಿ ಕಣ್ಣು ಕಾಣದ ಮಾವ ಸ್ಪೀಕರಿನ ಕಡೆ ಕಿವಿಗೊಟ್ಟು ಕೂತಿದ್ದರು. ತೀರಿಕೊಂಡ ಹೆಂಡತಿ ಅವರಿಗೆಂದು ಪತ್ರಿಕೆ ಓದುತ್ತಿದ್ದ ದನಿ ಆ ಫೋಲ್ಡರಿನಲ್ಲಿತ್ತು. ದಿನಕ್ಕೊಮ್ಮೆ ಅದನ್ನು ಕೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ನಾನು ಡಿ ಮುಟ್ಟೇ ಇಲ್ಲ ಅಕ್ಕ. ಸಿ ಅಳಿಸಿ ಸಿಸ್ಟಮ್ ಹೊಸದಾಗಿ ಹಾಕಿದೀನಿ, ಅಷ್ಟೇ. ಬೇಕಾದ್ದೆಲ್ಲ ಡಿಗೆ ಹಾಕಿದೀನಿ ಅಂದ್ರಲ್ಲ?" ಎನ್ನುತ್ತಲೇ ರಿಪೇರಿಯವನು ಬಗ್ಗಿ ನೋಡಿ ದನಿ ತಗ್ಗಿಸಿದ. ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಸಾಸಿವೆಯಷ್ಟು ಬಾಣದ ಗುರುತಿತ್ತು. "ಇದು ಬರೀ ಶಾರ್ಟ್‌ಕಟ್. ದಾರಿ ತೋರಿಸುತ್ತೆ, ಅಷ್ಟೇ. ಅಸಲಿ ಫೋಲ್ಡರ್ ಸಿಯಲ್ಲೇ ಇತ್ತು, ಅದರ ಜೊತೆ ಅಳಿಸಿಹೋಯ್ತು."

ನಿನ್ನೆ ಆ ಬಾಣದ ಚಿತ್ರವನ್ನೇ ಫೋಲ್ಡರೆಂದು ಡಿಗೆ ಎಳೆದು ಹಾಕಿದವಳು ಅವಳೇ. ಹಾಕಿ, ತೆರೆದು, ಅತ್ತೆಯ ದನಿ ಕೇಳಿಸಿಕೊಂಡು ನೆಮ್ಮದಿಯಿಂದ ಎದ್ದಿದ್ದಳು.

"ಏನಮ್ಮಾ ಅದು ಪಿಸುಪಿಸು? ಕಾಯ್ಸಿದ್ರೆ ನಿಮ್ಮತ್ತೆ ಬೈತಾಳೆ," ಮಾವ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಇದೆ ತಾನೆ?"

"ಇದೆ ಮಾವ." ಅವಳು ಮೇಜಿನ ಹಿಂದೆ ಕೈಹಾಕಿ ಸ್ಪೀಕರಿನ ತಂತಿಯನ್ನು ಮೆಲ್ಲಗೆ ಕಿತ್ತಳು. "ಸ್ಪೀಕರ್ ಕೆಟ್ಟಿದೆ."

"ಅಷ್ಟೇನಾ! ಎದೆ ಧಸಕ್ ಅಂತು." ಮಾವ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ರಿಪೇರಿಯವನು ಇಲ್ಲೇ ಇದಾನಲ್ಲ, ಮಾಡ್ಲಿ. ನಾನು ಕಾಯ್ತೀನಿ."