ನಡುವೆ ಬಾಯಿ ಹಾಕಬಾರದು

ಕೋರ್ಟಿನಲ್ಲಿ ಕಿತ್ತಾಡದೆ ವಿಚ್ಛೇದನ ಮುಗಿಸಿಕೊಳ್ಳೋಣವೆಂದು ಗಂಡ ಹೆಂಡತಿ ಇಬ್ಬರೂ ರಾಜಿ ಮಾಡಿಸುವ ಮೇಡಂ ಎದುರು ಕುಳಿತಿದ್ದರು.

"ಇಲ್ಲಿರೋದು ಒಂದೇ ನಿಯಮ. ಒಬ್ರು ಮಾತಾಡುವಾಗ ಇನ್ನೊಬ್ರು ನಡುವೆ ಬಾಯಿ ಹಾಕಬಾರದು. ಮೊದ್ಲು ನೀವು ಹೇಳಿ ಅಮ್ಮಾ," ಎಂದರು ಮೇಡಂ.

ಹೇಳುವುದೇನು ಸ್ವಲ್ಪವೇ? ಮದುವೆಯಾದಾಗಿನಿಂದ ಅವಳು ಬಾಯಿ ತೆರೆದರೆ ಸಾಕು, "ನಿಂದು ಯಾವಾಗ್ಲೂ ಇದ್ದಿದ್ದೇ" ಎಂದು ಅವನು ಎದ್ದು ಹೋಗುತ್ತಿದ್ದ. ಪಾಪ, ಕಿವಿ ಮಂದವಾಗಿದೆ, ಅದಕ್ಕೇ ಹೀಗೆ ಎಂದುಕೊಂಡು ತನ್ನ ಬಳೆ ಮಾರಿ ಕಿವಿಗೆ ಮಿಷನ್ ಕೊಡಿಸಿದ್ದಳು. ಆಮೇಲೂ ಅದೇ ರಾಗ, ಅದೇ ಹಾಡು.

ಇವತ್ತು ಮಾತ್ರ ಅವನು ಒಮ್ಮೆ ತಲೆ ಸವರಿಕೊಂಡು, ಕೈಕಟ್ಟಿ, ಅವಳ ಮುಖವನ್ನೇ ನೋಡುತ್ತಾ ಕುಳಿತ. ಒಂದು ಸಲವೂ ಅಡ್ಡ ಬರಲಿಲ್ಲ. ಹೊಟ್ಟೆಯಲ್ಲೇ ಹೋದ ಮಗುವಿನ ಮಾತು ಬಂದಾಗ ಮೆಲ್ಲಗೆ ತಲೆಯನ್ನೂ ಆಡಿಸಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೇಡಂ ಕಡೆ ತಿರುಗಿದಳು.

"ಇವ್ರು ಕೂತ್ಕೊಂಡು ಕೇಳಿದ್ರಲ್ಲ, ನಂಗಷ್ಟೇ ಸಾಕು ಮೇಡಂ. ಡೈವೋರ್ಸ್ ಬೇಡ. ಇನ್ನೊಂದ್ಸಲ ಸಂಸಾರ ಮಾಡಿ ನೋಡ್ತೀನಿ."

ಮೇಡಂ ನಗುತ್ತಾ ಅವನತ್ತ ತಿರುಗಿದರು. ಅವನು ಮುಷ್ಟಿ ಬಿಚ್ಚಿ, ಮಿಷನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:

"ಮುಗೀತಾ ಇವಳ್ದು?"