ಮಡಚಿಕೊಂಡ ಮಾತು

ಈಗ ತಿರುಗಿ ಫೋನು ಮಾಡಿದರೆ ಏನೆಂದು ಹೇಳುವುದು? ಸಿಗ್ನಲ್ ಹೋಯಿತು ಎನ್ನಬಹುದು. ಆದರೆ ದೇಜಾನ್ ಸ್ಟೇಷನ್ನಿನ ನಟ್ಟನಡುವೆ ಸಿಗ್ನಲ್ ಹೋಯಿತೆಂದರೆ, ನಲವತ್ತು ವರ್ಷ ಮೀನು ಮಾರಿದ ಹಿರಿಯರು ನಂಬುತ್ತಾರೆಯೇ? ಚಾರ್ಜು ಮುಗಿಯಿತು ಎಂದರೆ, ಐದೇ ನಿಮಿಷದಲ್ಲಿ ಮತ್ತೆ ಎಲ್ಲಿಂದ ಬಂತು ಎನ್ನುತ್ತಾರೆ. ನಿಜವನ್ನೇ ಹೇಳಿಬಿಡಲೇ? ಹಣೆಯಿಂದ ಗುದ್ದಿ ತಮ್ಮ ಕರೆ ಕಡಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಗ್ವಾಕ್ ತೇ-ಇಲ್ ನೂಡಲ್ಸ್ ಅಂಗಡಿಯ ಕಟ್ಟೆಯ ಮುಂದೆ ನಿಂತೇ ಇದ್ದ. ಬಟ್ಟಲಿನ ಸಾರು ಆರುತ್ತಿತ್ತು. ಪಕ್ಕದಲ್ಲಿ ಅವನ ಹೊಸ ಮಡಚುವ ಫೋನು ಬಾಯಿ ಮುಚ್ಚಿದ ಕಪ್ಪೆಚಿಪ್ಪಿನಂತೆ ಬಿದ್ದಿತ್ತು.

ನಡೆದದ್ದು ಇಷ್ಟೆ. ಬೆಳಿಗ್ಗೆ ದೇಜಾನಿನ ಗಿರಾಕಿಯೊಬ್ಬರನ್ನು ಕಂಡು, ಬೂಸಾನಿನ ರೈಲಿಗೆ ಕಾಯುತ್ತಾ, ಅವನು ಫೋನನ್ನು ಅರ್ಧ ತೆರೆದು ಪುಟ್ಟ ಲ್ಯಾಪ್‌ಟಾಪಿನಂತೆ ಕಟ್ಟೆಯ ಮೇಲೆ ನಿಲ್ಲಿಸಿ, ದರಪಟ್ಟಿ ನೋಡುತ್ತಾ ತಿನ್ನುತ್ತಿದ್ದ. ಅಷ್ಟರಲ್ಲಿ ಬೂಸಾನಿನ ಮೇಂಗ್ ಅಧ್ಯಕ್ಷರ ಕರೆ ಕಿವಿಯ ಇಯರ್‌ಫೋನಿಗೆ ಬಂತು. ಅವರ ಕಾರ್ಖಾನೆಯ ಮೀನಿನ ತಿಂಡಿಗೆಲ್ಲ ಗ್ವಾಕ್‌ನ ಕಂಪನಿಯದೇ ಪ್ಯಾಕಿಂಗ್ ಹಾಳೆ. ಈ ವರ್ಷದ ಒಪ್ಪಂದ ಇನ್ನೂ ಆಗಿರಲಿಲ್ಲ. ಅದಾಗದಿದ್ದರೆ ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರು ಸತತ ಮೂರನೆಯ ವರ್ಷವೂ ಇರುವುದಿಲ್ಲ.

"ನೀನು ಇಲ್ಲೀತನಕ ಬರೋದೇನೂ ಬೇಡ, ಈಗ್ಲೇ ಮುಗಿಸೋಣ," ಎಂದರು ಅಧ್ಯಕ್ಷರು. "ನೂರಕ್ಕೆ ಎಂಟು ಇಳಿಸ್ತೀಯೋ, ಇಲ್ಲ ನಾನು ಬೇರೆಯವರನ್ನ ನೋಡ್ಕೊಳ್ಲೋ?"

ಗ್ವಾಕ್ ಚಾಪ್‌ಸ್ಟಿಕ್ ಕೆಳಗಿಟ್ಟ. ನೆಟ್ಟಗೆ ನಿಂತು, ಹಿರಿಯರೆದುರು ಬಾಗಬೇಕಾದಷ್ಟು ಬಾಗಿದ. ಹಣೆ ಫೋನಿನ ಮೇಲ್ಭಾಗಕ್ಕೆ ಬಡಿದು ಅದು ಮುಚ್ಚಿಕೊಂಡಿತು. ಟಪ್! ಮುಚ್ಚಿದರೆ ಕರೆ ಕಡಿಯುವಂತೆ ಅದನ್ನು ಹೊಂದಿಸಿಕೊಂಡವನೂ ಅವನೇ. ಹಾಗೆ ಮುಚ್ಚುವುದರಲ್ಲಿ ಒಂದು ಗತ್ತಿದೆ ಎಂದು ಫೋನು ಕೊಂಡ ಅಂಗಡಿಯಲ್ಲೇ ಅನ್ನಿಸಿತ್ತು. ಆದರೆ ಹದಿನಾಲ್ಕು ವರ್ಷದ ನೌಕರಿಯಲ್ಲಿ, ಹಿರಿಯರು ಇಡುವ ಮುಂಚೆ ಅವನು ಫೋನು ಇಟ್ಟದ್ದು ಒಂದು ಸಲವೂ ಇಲ್ಲ.

"ಅಲ್ಲಪ್ಪಾ, ನೀನು ಬಗ್ಗಿದ್ದು ಅವ್ರಿಗೇನು ಕಾಣ್ಸುತ್ತಾ?" ಅಂಗಡಿಯ ಹೆಂಗಸು ಸೌಟು ಹಿಡಿದು ಕೇಳಿದಳು.

"ಕಾಣ್ಸಲ್ಲ, ಚಿಕ್ಕಮ್ಮ."

"ಮತ್ತೆ?"

"ಬೆನ್ನು ತಾನಾಗೇ ಬಗ್ಗುತ್ತೆ."

"ಮಡಚೋ ಫೋನಿಗೆ ಮಡಚೋ ಮನುಷ್ಯ. ಒಳ್ಳೇ ಜೋಡಿ ಬಿಡು!" ಅವಳು ಎರಡು ಹೋಳು ಮೂಲಂಗಿ ಹೆಚ್ಚಿಗೆ ಹಾಕಿದಳು. "ಸದಾ ಓಡಾಡೋರಿಗೆ ಇದು ಬಲು ಅನುಕೂಲ ಅಂತಾರಲ್ಲ?"

"ಇಡೀ ಆಫೀಸೇ ಅಂಗೈಯಲ್ಲಿರುತ್ತೆ ಚಿಕ್ಕಮ್ಮ."

"ಅದೇ ನೋಡು ತೊಂದ್ರೆ. ಉಣ್ಣೋ ಬಟ್ಟಲಿನ ಮುಂದೂ ಆಫೀಸು. ಬೇಗ ತಿನ್ನು, ನೂಡಲ್ಸ್ ಉಬ್ಬಿ ಹೋಗ್ತಾ ಇದೆ."

ಅವನು ತಿನ್ನಲಿಲ್ಲ. ಫೋನನ್ನು ಪೂರ್ತಿ ಅಗಲಿಸಿದ. ಎಡಗಡೆ ಒಪ್ಪಂದದ ಪತ್ರ ತೆರೆದುಕೊಂಡಿತು. ಬಲಗಡೆ ಕ್ಷಮಾಪಣೆ ಬರೆಯತೊಡಗಿದ. ಹಳೆಯ ಫೋನಿನಲ್ಲಿ ಮೂರು ಸಾಲೆಂದರೆ ಸಾಕಷ್ಟು ವಿನಯ. ಇಷ್ಟಗಲದ ಪರದೆಯಲ್ಲಿ ಅದೇ ಮೂರು ಸಾಲು ಒಂದೂವರೆ ಸಾಲಾಗಿ ಉದ್ಧಟತನದಂತೆ ಕಂಡಿತು. ಅಧ್ಯಕ್ಷರ ಮಂಡಿನೋವನ್ನು ವಿಚಾರಿಸಿ ಬೆಳೆಸಿದ. ಬೂಸಾನಿನ ಗಾಳಿಯ ವಿಷಯ ಸೇರಿಸಿದ. ಓದಿ ನೋಡಿದರೆ ಮಗಳ ಮದುವೆಯ ಕರೆಯೋಲೆಯ ಹಾಗಿತ್ತು. ಎಲ್ಲ ಅಳಿಸಿದ. ಬೂಸಾನಿನ ರೈಲು ಬಂತು, ಹೋಯಿತು.

ಫೋನು ಮತ್ತೆ ಹೊಡೆದುಕೊಂಡಿತು.

"ಗ್ವಾಕ್!"

"ಅಧ್ಯಕ್ಷರೇ…" ಈ ಸಲ ಅವನು ಫೋನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅಗಲಿಸಿ ಹಿಡಿದಿದ್ದ.

"ನಾನು ಮಾತಾಡ್ತಿರೋವಾಗ ಫೋನ್ ಇಡೋ ಧೈರ್ಯ ಇರೋದು ನನ್ನ ಹೆಂಡ್ತಿಗೆ ಒಬ್ಳಿಗೇ. ಈಗ ನೀನು ಎರಡನೆಯವನು."

ಗ್ವಾಕ್‌ನ ಕ್ಷಮೆಯ ಮಾತು ಗಂಟಲಿನವರೆಗೆ ಬಂದಿತ್ತು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಆ ಕಡೆಯೂ ಸದ್ದಿಲ್ಲ. ಇಬ್ಬರ ನಡುವಿನ ಆ ಮೌನ, ಅವನಿಗೆ ತಪ್ಪೊಪ್ಪಿಗೆಯಂತೆ ಕೇಳಿಸುತ್ತಿತ್ತು.

"ನೋಡು, ಈಗ್ಲೂ ಬಾಯಿ ಬಿಡ್ತಿಲ್ಲ. ಕಲ್ಲು ಕಣೋ ನೀನು!" ಹಿರಿಯರು ಗಹಗಹಿಸಿ ನಕ್ಕರು. "ನೂರಕ್ಕೆ ಐದಾದ್ರೂ ಇಳಿಸ್ತಾನೇನೋ ನೋಡೋಣ ಅಂತಿದ್ದೆ. ಹಾಳಾಗ್ಲಿ, ಹಳೇ ದರಾನೇ ಇರ್ಲಿ. ತನ್ನ ಸಾಮಾನಿನ ಮೇಲೆ ನಂಬಿಕೆ ಇಲ್ಲದವನು ಹಾಗೆ ಫೋನ್ ಕುಕ್ಕಲ್ಲ. ಬಾ, ಒಪ್ಪಂದಕ್ಕೆ ಮುದ್ರೆ ಒತ್ತಿ ಕೊಡ್ತೀನಿ. ಊಟಾನೂ ಇಲ್ಲೇ."

ಅಧ್ಯಕ್ಷರು ಫೋನು ಇಟ್ಟರು. ಇಟ್ಟದ್ದು ಖಾತ್ರಿಯಾಗುವವರೆಗೂ ಕಾದು, ಮತ್ತೆ ಹತ್ತು ಎಣಿಸಿ, ಗ್ವಾಕ್ ತನ್ನದನ್ನು ಮಡಚಿದ.

ಸೋಮವಾರ ಸಿಯೋಲಿನ ಆಫೀಸಿಗೆ ಕಾಲಿಡುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ವಿಭಾಗದ ಮುಖ್ಯಸ್ಥ ಬಾಂಗ್ ಎದ್ದು ಬಂದು ಬೆನ್ನು ತಟ್ಟಿದರು.

"ಏನಯ್ಯಾ, ಮೇಂಗ್ ಅಂಥವರ ಮುಖಕ್ಕೇ ಫೋನ್ ಕುಕ್ಕಿದ್ಯಂತೆ! ನಾವು ನಿನ್ನನ್ನ ಬೆಣ್ಣೆ ಅಂದ್ಕೊಂಡಿದ್ವಲ್ಲ! ಇನ್ಮೇಲೆ ಜಿಗುಟು ಗಿರಾಕಿಗಳೆಲ್ಲ ನಿನಗೇ. ಹಾಂ, ಆ ಫೋನಿನ ಬಗ್ಗೆ ಒಂದು ಪುಟ ಬರೆದುಕೊಡು. ಓಡಾಡೋ ಹುಡುಗರಿಗೆಲ್ಲ ಅದನ್ನೇ ಕೊಡ್ಸೋಣ ಅಂತಿದೀನಿ."

ಗ್ವಾಕ್ ಬರೆದುಕೊಟ್ಟ. ಪರದೆ ಅಗಲ, ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡಬಹುದು. ಚಾರ್ಜು ಸಂಜೆಯವರೆಗೆ ಬರುತ್ತದೆ. ಮಡಿಕೆಯ ಗೆರೆ ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ರೂಢಿಯಾಗುತ್ತದೆ. ಮಾತುಕತೆಗೆ ಹೋಗುವವರಿಗೆ ಉಪಯುಕ್ತ.

ಅಂದು ಬಾಗುವಾಗ ತನ್ನ ನಾಲಿಗೆಯ ತುದಿಯಲ್ಲಿದ್ದದ್ದು "ನೂರಕ್ಕೆ ಎಂಟೇ ಇಳಿಸೋಣ ಅಧ್ಯಕ್ಷರೇ" ಎಂಬ ಮಾತೆಂದು ಅವನು ಯಾರಿಗೂ ಹೇಳಲಿಲ್ಲ.