ನನ್ನ ಮಷೀನಲ್ಲಿ ಸರಿ ಇದೆ

‘ಕಮಾಂಡ್ ಸಿಗಲಿಲ್ಲ’ ಎಂದು ಪರದೆ ಮತ್ತೆ ಅದೇ ರಾಗ ಎಳೆಯಿತು. ಅಕ್ಕ ಮುಳ್ಳಿನ ಮೇಲೆ ಕೂತವಳಂತೆ ಮಿಸುಕಾಡಿದಳು. ಮಗುವಿನ ತೂಕ ಹಾಕಿದರೆ ಔಷಧಿಯ ಪ್ರಮಾಣ ಹೇಳುವ ತಂತ್ರಾಂಶ. ಊಟದ ಹೊತ್ತಿಗೆ ಆಸ್ಪತ್ರೆಗೆ ಒಪ್ಪಿಸಬೇಕು. ಬರೆದವನು ತಮ್ಮ. ಒಪ್ಪಿಸುವ ಮುಂಚೆ ಅದರ ಪರೀಕ್ಷೆಗಳನ್ನು ತನ್ನ ಕಂಪ್ಯೂಟರಿನಲ್ಲೂ ಒಮ್ಮೆ ಓಡಿಸಿ ನೋಡುವುದಷ್ಟೇ ಅವಳ ಕೆಲಸ. ಆ ಪರೀಕ್ಷೆಗಳು ಶುರುವೇ ಆಗುತ್ತಿಲ್ಲ.

“ನನ್ನ ಮಷೀನಲ್ಲಿ ಸರಿ ಇದೆ. ಎಲ್ಲಾ ಪಾಸ್, ಎಲ್ಲಾ ಹಸಿರು,” ಎಂದ ತಮ್ಮ, ತಲೆ ಎತ್ತದೆ. “ನೀನೇ ಏನೋ ಇನ್‌ಸ್ಟಾಲ್ ಮಾಡೋದು ಮರೆತಿದ್ದೀಯ. ಮನೆ, ಮಕ್ಕಳು ಅಂತ ಇಷ್ಟು ವರ್ಷ ಈ ಕಡೆ ತಲೆ ಹಾಕಿಲ್ಲ. ಕೈ ಕೂರೋಕೆ ಟೈಮ್ ಬೇಕು, ಬಿಡಕ್ಕ.”

ಮಾತು ಚುರುಕ್ಕೆಂದಿತು. ಅವಳು ತುಟಿ ಕಚ್ಚಿಕೊಂಡು ಎಲ್ಲವನ್ನೂ ಅಳಿಸಿ ಮೊದಲಿನಿಂದ ಇನ್‌ಸ್ಟಾಲ್ ಮಾಡಿದಳು. ಕಂಪ್ಯೂಟರ್ ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕುತ್ತದೋ ಆ ಫೋಲ್ಡರುಗಳನ್ನೆಲ್ಲ ಜಾಲಾಡಿದಳು. ಪರೀಕ್ಷೆ ಓಡಿಸುವ ಸಾಧನ ಇರಬೇಕಾದ ಕಡೆಯೇ ತೆಪ್ಪಗೆ ಕೂತಿತ್ತು. ಹಾಗಾದರೆ ಈ ಪುಣ್ಯಾತ್ಮ ಕಂಪ್ಯೂಟರು ಅದನ್ನು ಇನ್ನೆಲ್ಲಿ ಹುಡುಕುತ್ತಿದೆ? ಕೆಳಗಿನ ಹೊಲಿಗೆ ಅಂಗಡಿಯ ಯಂತ್ರಗಳು ಬಿಡುವಿಲ್ಲದೆ ಕಟಕಟಿಸುತ್ತಿದ್ದವು. ತಮ್ಮನ ಫೋನು ಬಡಿದುಕೊಂಡಿತು, ಆಸ್ಪತ್ರೆಯಿಂದ. “ಇನ್ನೇನು ಆಯ್ತು ಡಾಕ್ಟರಮ್ಮ, ಹೊರಟೆ,” ಎಂದು ತಮ್ಮ ಬ್ಯಾಗು ಎತ್ತಿಕೊಂಡ.

ಕೊನೆಗೆ ಅವಳು ಪರೀಕ್ಷೆಯ ಕಮಾಂಡನ್ನು ಬರೆದಿಟ್ಟ ಫೈಲನ್ನೇ ತೆರೆದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಲೋ, ಇಲ್ಲಿ ಬಾ.”

“ಬಂದು ನೋಡ್ತೀನಿ ಅಕ್ಕ, ಅವರು ಕಾಯ್ತಿದ್ದಾರೆ.”

“ಬಾ ಅಂದ್ನಲ್ಲ! ಇಲ್ಲಿ ನಿನ್ನ ಕಂಪ್ಯೂಟರಿನ ಫೋಲ್ಡರಿನ ಹೆಸರು ಹಾಕಿದ್ದೀಯ. ‘ಹಳೆಯದು’ ಅಂತ. ಅದು ನನ್ನ ಹತ್ರ ಎಲ್ಲಿಂದ ಬರುತ್ತೆ?”

“ಓ, ಅದಾ!” ತಮ್ಮ ನಕ್ಕ. “ಯಾವಾಗಲೋ ಅವಸರಕ್ಕೆ ಹಾಕಿದ್ದು. ಕಿತ್ತುಹಾಕು.”

“ಕಿತ್ತುಹಾಕ್ತೀನಿ. ಆದರೆ ನಿನ್ನ ಮಷೀನಲ್ಲಿ ಇಷ್ಟು ದಿನ ಪರೀಕ್ಷೆ ಆಗಿದ್ದು ಯಾವ ಕೋಡು? ನೀನು ಈಚೆಗೆ ತಿದ್ದಿದ್ದಲ್ಲ ಕಣೋ. ಆ ಹಳೇ ಫೋಲ್ಡರಿಂದು. ಅದು ಹಸಿರು ತೋರಿಸದೆ ಇನ್ನೇನು ಮಾಡುತ್ತೆ?”

ನಗು ಅವನ ಮುಖದಲ್ಲಿ ಅರ್ಧಕ್ಕೇ ನಿಂತಿತು. ಅವಳು ಫೋಲ್ಡರಿನ ದಾರಿ ಸರಿಪಡಿಸಿ ಎಂಟರ್ ಒತ್ತಿದಳು. ಈ ಸಲ ಪರೀಕ್ಷೆಗಳು ಓಡಿದವು. ಹಸಿರು, ಹಸಿರು, ಮತ್ತೆ ಹಸಿರು. ಆಮೇಲೆ ಕೆಂಪು. ಅವನು ಪರದೆಯ ಮೇಲೆ ಹೊಸದಾಗಿ ಮಾಡಿದ್ದ, ತೂಕ ತುಂಬುವ ಪೆಟ್ಟಿಗೆ ದಶಮಾಂಶದ ಚುಕ್ಕಿಯನ್ನು ನುಂಗಿಹಾಕುತ್ತಿತ್ತು. ಎರಡೂವರೆ ಕೆಜಿಯ ಕೂಸಿಗೆ ಇಪ್ಪತ್ತೈದು ಕೆಜಿಯ ಮಗುವಿನ ಔಷಧಿ.

ತಮ್ಮ ಬ್ಯಾಗನ್ನು ನೆಲಕ್ಕಿಳಿಸಿದ. ತಾನೇ ಫೋನು ಮಾಡಿ ಸ್ಪೀಕರಿಗೆ ಹಾಕಿ, “ಡಾಕ್ಟರಮ್ಮ, ಇವತ್ತು ಕೊಡಲ್ಲ. ಲೆಕ್ಕ ತಪ್ಪುತ್ತಿದೆ. ತಪ್ಪು ನನ್ನದೇ. ಅಕ್ಕ ಹಿಡಿದಳು,” ಎಂದ. ಅಕ್ಕ ಕುರ್ಚಿಗೆ ಒರಗಿದಳು.

“ಮೊದಲೇ ಗೊತ್ತಾಯ್ತಲ್ಲ, ಒಳ್ಳೇದಾಯ್ತು ಬಿಡಪ್ಪ,” ಎಂದಿತು ಆ ಕಡೆಯ ದನಿ. “ಅಂದಹಾಗೆ, ಹೋದ ವಾರ ನಮ್ಮ ಹೆರಿಗೆ ವಾರ್ಡಲ್ಲಿ ನೋಡೋಕೆ ಅಂತ ಒಂದು ಕಾಪಿ ಹಾಕಿಕೊಟ್ಟು ಹೋದ್ಯಲ್ಲ... ನರ್ಸಮ್ಮನವರು ಅದನ್ನೇ ಬಳಸ್ತಿದ್ದಾರೆ. ಅದು ಹಳೇದಾ, ಹೊಸದಾ?”

“ಹೊಸದು,” ಎಂದ ತಮ್ಮ.

ಫೋನು ಕಟ್ ಆಗಲಿಲ್ಲ. ಆ ಕಡೆ ಉದ್ದನೆಯ ಕಾರಿಡಾರಿನಲ್ಲಿ ಯಾರೋ ಓಡುತ್ತಿರುವ ಚಪ್ಪಲಿಯ ಸದ್ದು ಮಾತ್ರ ಕೇಳಿಸುತ್ತಿತ್ತು.